ಹೊನ್ನೆ ಹಲಗೆಯ ಜೋಕಾಲಿ

ಕಡ್ಲಿಹಾಳದ ಪೂಜ್ಯ ನಿರುಪಾಧಿ ಅಜ್ಜನವರ ಮಠವೆಂದರೆ ಎರಡಂಕಣದ ಮಣ್ಣಿನ ಮನೆ, ಹಿಂದೊಂದು ಬಾವಿ, ಮುಂದೆ ಗರಿಕೆಯ ಅಂಗಳ. ಶ್ರೀಗಳ ಆಸನ ಒಂದು ಗೋಣಿತಟ್ಟು. ಭಕ್ತರಿಗೆ ಅದನ್ನು ಕಂಡು ಕಸಿವಿಸಿ. ಅವರಿಗೆ ಮಾತ್ರ ಅದರ ಪರಿವೆಯೇ ಇರಲಿಲ್ಲ.

ಒಂದು ಮುಂಜಾನೆ ಮಾನಪ್ಪ ಬಡಿಗೇರ ಎತ್ತಿನ ಗಾಡಿಯಲ್ಲಿ ಹೊನ್ನೆಯ ಹಲಗೆಯೊಂದನ್ನು ಹೇರಿಕೊಂಡು ಬಂದ. ಎರಡು ಮೊಳ ಅಗಲ, ಒಂದು ಗಂಟಿಲ್ಲ, ಒಂದು ಜೋಡಿಲ್ಲ. ಅಂಥದ್ದು ಬಡಿಗನ ಬಾಳಿನಲ್ಲಿ ಒಮ್ಮೆ ಸಿಕ್ಕರೆ ಪುಣ್ಯ. ಮಾನಪ್ಪ ಮಠದ ಕಡೆ ತಲೆ ಹಾಕಿ ಹನ್ನೊಂದು ವರ್ಷವಾಗಿತ್ತು. ಹೆಂಡತಿ ನಾಗವ್ವ ತೀರಿಕೊಂಡ ಮೇಲೆ ಅವನಿಗೆ ದೇವರೂ ಬೇಡವಾಗಿದ್ದ, ಮಂದಿಯೂ ಬೇಡವಾಗಿದ್ದರು.

“ಅಜ್ಜಾರ, ಇದರಾಗ ನಿಮಗೊಂದು ಗದ್ದಿಗಿ ಮಾಡಿ ಕೊಡ್ತೇನಿ. ಒಲ್ಲೆ ಅಂದ್ರ ಇವತ್ತ ಕೊಯ್ದು ಚೂರು ಮಾಡ್ತೇನಿ. ಇದು ಮನ್ಯಾಗ ಇರೂದು ಸಾಕಾಗೇತ್ರಿ ನನಗ.”

“ಮೊದಲ ಯಾತಕ್ಕಂತ ತಂದಿಟ್ಟಿದ್ದಿ?” ಎಂದು ಅಜ್ಜನವರು ಕೇಳಿದರು.

ಮಾನಪ್ಪ ನೆಲ ನೋಡುತ್ತ ಹೇಳಿದ. ಸಂಜೆ ಇಬ್ಬರೂ ಕೂಡಿ ಕೂರಲು ಮನೆಯಾಕೆ ಜೋಕಾಲಿ ಕೇಳಿದ್ದಳು. ಮರ ಇನ್ನಷ್ಟು ಒಣಗಲಿ ಎಂದು ಇವನು ವರ್ಷ ವರ್ಷ ದೂಡಿದ. ಊರಿಗೆಲ್ಲ ಜೋಕಾಲಿ ಮಾಡಿಕೊಟ್ಟವನು ಆಕೆಯನ್ನು ಕಾಯಿಸಿದ. ಮರ ಒಣಗುವ ಹೊತ್ತಿಗೆ ಆಕೆ ಇರಲಿಲ್ಲ.

ಅಜ್ಜನವರು ಹಲಗೆಯ ಮೇಲೆ ಅಂಗೈ ಆಡಿಸಿದರು. ಅದು ಅಗಲಕ್ಕೆ ಬಾಗಿತ್ತು. ಹನ್ನೊಂದು ವರ್ಷ ಗೋಡೆಗೆ ಒರಗಿ ನಿಂತದ್ದು, ಗಾಳಿ ಸೋಕಿದ್ದು ಒಂದೇ ಮಗ್ಗುಲಿಗೆ. ಅಗಲದ ಹಲಗೆಯನ್ನು ಹಾಗೆ ಇಡಬಾರದೆಂದು ಉಳಿ ಹಿಡಿದವರಿಗೆಲ್ಲ ಗೊತ್ತು. ಮಾನಪ್ಪನಿಗೂ ಗೊತ್ತಿತ್ತು, ಅದನ್ನು ಮುಟ್ಟುವ ಧೈರ್ಯ ಮಾತ್ರ ಇರಲಿಲ್ಲ, ಪಾಪ.

“ಇದಕ್ಕ ಮದ್ದೇನು?”

“ಹಸೀ ಹುಲ್ಲಿನ ಮ್ಯಾಲ ಬೋರಲ ಹಾಕಿ, ಉಬ್ಬಿದ ಬೆನ್ನು ಬಿಸಿಲಿಗೆ ಒಡ್ಡಬೇಕ್ರಿ.”

“ಹಂಗಾರ ಹಾಕು.”

ಅಜ್ಜನವರು ತಾವೇ ನೀರು ಸೇದಿ ಗರಿಕೆ ನೆನೆಸಿದರು. ಇಬ್ಬರೂ ಹಿಡಿದು ಹಲಗೆಯನ್ನು ಅದರ ಮೇಲೆ ಮಲಗಿಸಿದರು. ಇಳಿಹೊತ್ತಿಗೆ ಬಾಗು ಬಹುಪಾಲು ಇಳಿದಿತ್ತು.

“ನನಗ ಗೋಣಿತಟ್ಟು ಸಾಕು. ಆಕಿ ಕೇಳಿದ್ದನ್ನ ಮಾಡು.”

ಮಾನಪ್ಪ ಹಲಗೆಯ ಅಂಚು ಸವರಿದ. “ಇಬ್ಬರು ಕೂಡೂ ಜೋಕಾಲ್ಯಾಗ ಒಬ್ಬಾಂವ ಹೆಂಗ ಕೂಡ್ಲಿರಿ?”

“ಒಂದ ತುದೀಗೆ ಕೂಡು. ಮಗ್ಗಲಾಗ ಜಾಗಾ ಇರಲಿ.”

ಮುಂದಿನ ವಾರ ಮಾನಪ್ಪನ ಮನೆಯ ಪಡಸಾಲೆಯಲ್ಲಿ ಜೋಕಾಲಿ ತೂಗಿತು. ಮಾನಪ್ಪ ಒಂದು ತುದಿಗೆ ಕೂತ. ಒಂಟಿತನ ಹೋಯಿತೆಂದು ಬರೆದರೆ ಸುಳ್ಳಾದೀತು. ಪಕ್ಕದ ಖಾಲಿ ಜಾಗವನ್ನು ನೋಡಲಾರದೆ ಅವನು ಹೊಸ್ತಿಲ ಕಡೆಗೆ ಮುಖ ತಿರುವಿಕೊಂಡಿದ್ದ. ಆ ಹೊಸ್ತಿಲಲ್ಲಿ, ಭಿಕ್ಷೆಗೆ ಹೊರಟಿದ್ದ ಅಜ್ಜನವರು ನಿಂತಿದ್ದರು. ಗದ್ದುಗೆ ಒಲ್ಲೆನೆಂದವರು ಒಳಗೆ ಬಂದು, ಜೋಳಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ತುದಿಗೆ ಕೂತರು. ಗಾಬರಿಯಿಂದ ಏಳಹೋದವನನ್ನು ಕೈಹಿಡಿದು ಕೂರಿಸಿದರು.

ಮಾನಪ್ಪ ಈಗ ಪಕ್ಕಕ್ಕೆ ತಿರುಗಿದ.

“ನಮ್ಮ ನಾಗವ್ವ ಭಾಳ ಚಲೋ ಹಾಡತಿದ್ಲರಿ,” ಎಂದ ಮಾನಪ್ಪ. ಹನ್ನೊಂದು ವರ್ಷದಲ್ಲಿ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು.

“ಯಾವ ಹಾಡು?” ಎಂದು ಕೇಳುತ್ತ ಅಜ್ಜನವರು ಕಾಲಿನಿಂದ ಮೆಲ್ಲಗೆ ನೆಲ ಮೀಟಿದರು.

ಮಾನಪ್ಪ ಕಣ್ಣೊರೆಸಿಕೊಂಡು, ಒಡಕು ದನಿಯಲ್ಲಿ ಶುರುಮಾಡಿದ.