ಬಾವಲಿ ಕಾಣಿಸುವವರೆಗೆ

ಹೊಳೆದಂಡೆಯ ಮೇಲೆ ನಾಗಲಿಂಗ ಮಾಸ್ತರರ ಮನೆ. ಮನೆ ಅನ್ನಿ, ಆಶ್ರಮ ಅನ್ನಿ, ನಿಮ್ಮಿಷ್ಟ. ಅಲ್ಲಿ ಮೂರು ಜನ ಶಿಷ್ಯರು ಕತ್ತಲೆ ಕಲಿಯುತ್ತಿದ್ದರು.

ನಗಬೇಡಿ. ಕತ್ತಲೆಯನ್ನೂ ಕಲಿಯಬೇಕಾಗುತ್ತದೆ.

ಕಂಪ್ಯೂಟರ್ ಆಟಗಳಲ್ಲಿ ರಾಕ್ಷಸರು, ನಿಧಿ, ಮಂತ್ರದ ಕತ್ತಿ ಎಲ್ಲ ಅಡಗಿರುವ ನೆಲದಡಿಯ ಗುಹೆಗಳಿರುತ್ತವಲ್ಲ, ಡಂಜನ್ ಅನ್ನುತ್ತಾರೆ. ಅವುಗಳಲ್ಲಿ ಎಲ್ಲಿ ಎಷ್ಟು ಬೆಳಕಿರಬೇಕು, ಎಲ್ಲಿ ಇರಬಾರದು ಎಂದು ಯಾರಾದರೂ ಕೂತು ಗೊತ್ತುಮಾಡಬೇಕು. ಮಾಸ್ತರರು ಹರೆಯದಲ್ಲಿ ನಾಟಕ ಕಂಪನಿಯಲ್ಲಿ ದೀಪ ಹಿಡಿದವರು, ಆಮೇಲೆ ಆಟಗಳಿಗೆ ದೀಪ ಇಟ್ಟವರು. ಡಂಜನ್ ಅನ್ನಲು ಅವರ ನಾಲಿಗೆ ಹೊರಳುತ್ತಿರಲಿಲ್ಲ. ಪಾತಾಳ ಅನ್ನುತ್ತಿದ್ದರು.

ಒಬ್ಬೊಬ್ಬ ಶಿಷ್ಯನಿಗೂ ಒಂದು ಪಾತಾಳ, ಇಪ್ಪತ್ತು ಹುಣಸೆಬೀಜ. ಪಾತಾಳದಲ್ಲಿ ಒಂದು ದೀಪ ಇಟ್ಟರೆ ಒಂದು ಬೀಜವನ್ನು ಮಾಸ್ತರರ ಬಟ್ಟಲಿಗೆ ಹಾಕಬೇಕು. ದೀಪ ತೆಗೆದರೆ ಬೀಜ ವಾಪಸ್ಸು.

ಮಲ್ಹಾರಿ ಮೂವರಲ್ಲಿ ಜಾಣ. ಅದು ಅವನಿಗೂ ಗೊತ್ತಿತ್ತು, ಅದೇ ತೊಂದರೆ.

ಅವನು ಮೊದಲು ಹದಿನಾರು ದೀಪ ಇಟ್ಟ. ಮಾಸ್ತರರು ಪಾತಾಳದಲ್ಲಿ ಒಂದು ಸುತ್ತು ಹೋಗಿ ಬಂದರು.

"ದೀಪ ಹಚ್ಚೋ ಹೊತ್ತು ಇನ್ನೂ ಆಗಿಲ್ಲಪಾ," ಅಂದರು.

ದೀಪ ಹೆಚ್ಚಾಯಿತು ಎಂದುಕೊಂಡ ಮಲ್ಹಾರಿ. ಒಂಬತ್ತಕ್ಕೆ ಇಳಿಸಿದ.

"ಹೊತ್ತಾಗಿಲ್ಲ."

ನಾಲ್ಕಕ್ಕೆ ಇಳಿಸಿದ.

"ಇನ್ನೂ ಆಗಿಲ್ಲ."

ಅವನು ಹಟಕ್ಕೆ ಬಿದ್ದ. ಕಿಟಕಿಗೆ ಪರದೆ ಎಳೆದು, ಹಗಲೂ ಕತ್ತಲಲ್ಲೇ ಕೂತು, ಮೂರು ತಿಂಗಳು ಅದೇ ಪಾತಾಳದಲ್ಲಿ ಸಾವಿರ ಸಲ ತಿರುಗಾಡಿದ. ಅವನ ಕಣ್ಣು ಬೆಕ್ಕಿನ ಕಣ್ಣಾಯಿತು. ಕೊನೆಗೆ ಇಡೀ ಪಾತಾಳಕ್ಕೆ ಒಂದೇ ದೀಪ ಉಳಿಯಿತು, ಹಾವು ಸುತ್ತಿಕೊಂಡ ಕಲ್ಲಿನ ಕಂಬದ ಮೇಲೆ. ಆ ಹೆಡೆಯ ನೆರಳು ನೋಡಿ ಮಿಕ್ಕ ಇಬ್ಬರು ಶಿಷ್ಯರ ಹೊಟ್ಟೆ ಉರಿಯಿತು. ಮಲ್ಹಾರಿಗೆ ಹಿತವಾಯಿತು.

ಅವನ ಅವಸರಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ಹೇಳಿಬಿಡಬೇಕು.

ಅವನ ಅಕ್ಕ ಲಗಮಕ್ಕನಿಗೆ ಕಣ್ಣು ಹೋಗುತ್ತಿತ್ತು. ಮೊದಲು ಇರುಳುಗುರುಡು, ಆಮೇಲೆ ಸಂಜೆಗುರುಡು. ಇನ್ನೆರಡು ವರ್ಷ ತಡೆದರೆ ಹೆಚ್ಚು ಎಂದು ಡಾಕ್ಟರು ಹೇಳಿ ಒಂದೂವರೆ ವರ್ಷವಾಗಿತ್ತು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. ಚಿಕ್ಕಂದಿನಲ್ಲಿ ಊರಿನ ವಿಡಿಯೊ ಆಟದಂಗಡಿಯಲ್ಲಿ ಅವನು ಗುಂಡಿ ಒತ್ತುತ್ತಿದ್ದ, ಅವಳು ಪಕ್ಕದಲ್ಲಿ ಕೂತು "ಎಡಕ್ಕ, ಎಡಕ್ಕ, ಮುಂದ ತಗ್ಗೈತಿ" ಎಂದು ದಾರಿ ಹೇಳುತ್ತಿದ್ದಳು. ಅವಳ ಕಣ್ಣು ಪೂರ್ತಿ ಹೋಗುವುದರೊಳಗೆ ತನ್ನ ಕೈಯ ಒಂದು ಪಾತಾಳವನ್ನು ಅವಳಿಗೆ ತೋರಿಸಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ.

"ಕಾಣ್ತೈತೇನ ಅಕ್ಕಾ?"

"ಕಾಣ್ತೈತಿ ಬಿಡೋ. ನೀ ನಿನ್ನ ಕೆಲಸ ಮಾಡು."

ಅವನು ಕೆಲಸ ಮಾಡಿದ. ಎಂಟು ತಿಂಗಳಿಂದ ಊರಿಗೆ ಹೋಗಿರಲಿಲ್ಲ.

ಒಂದೇ ದೀಪದ ಪಾತಾಳವನ್ನು ನೋಡಿದ ಮಾಸ್ತರರು ಆ ದಿನ ಹೊತ್ತಿನ ಮಾತೆತ್ತಲಿಲ್ಲ.

"ಯಾರನ್ನಾದರೂ ಕರಸು," ಅಂದರು.

ಅದು ಆ ಮನೆಯ ಪದ್ಧತಿ. ಪಾತಾಳ ಮುಗಿಯಿತು ಅನ್ನುವ ಶಿಷ್ಯ ಹೊರಗಿನವರೊಬ್ಬರನ್ನು ಕರೆಸಿ ಆಡಿಸಬೇಕು. ಆಡುವವರ ಎದುರಿಗೆ, ಕಂಪ್ಯೂಟರಿನ ಪರದೆಗೆ ಬೆನ್ನು ಹಾಕಿ ಅವನು ಕೂರಬೇಕು. ತನ್ನ ಕೆಲಸ ನೋಡುವಂತಿಲ್ಲ, ಆಡುವವರ ಮುಖ ಮಾತ್ರ ನೋಡಬೇಕು. ಅವರು ಏಳುವವರೆಗೆ ಬಾಯಿ ಬಿಡುವಂತಿಲ್ಲ.

"ಅಕ್ಕನ್ನ ಕರಸ್ತೀನ್ರಿ."

"ಆಕಿ ಕಣ್ಣು ಹೆಂಗದಾವು?"

"ಸಂಜಿಮುಂದ ಸ್ವಲ್ಪ ಮಸಕ ಅಂತ್ರಿ."

"ನೀ ನೋಡೀಯೇನು?"

"ಫೋನ್‌ನ್ಯಾಗ ಕೇಳೀನ್ರಿ."

ಮಾಸ್ತರರು ಹೊಳೆಯ ಕಡೆ ನೋಡಿದರು.

ಲಗಮಕ್ಕ ಮೂರನೆಯ ದಿನ ಮಧ್ಯಾಹ್ನ ಬಂದಳು. ಕಂಡಕ್ಟರ್ ಅವಳನ್ನು ಬಾಗಿಲವರೆಗೂ ಬಿಟ್ಟು ಹೋದ. ಮಲ್ಹಾರಿ ಓಡಿದ. ಅವಳು ಎರಡೂ ಕೈಯಿಂದ ಅವನ ಮುಖ ಸವರಿದಳು.

"ತೆಳ್ಳಗಾಗೀಯಲ್ಲೋ," ಅಂದಳು.

ಅವನ ಹೆಗಲ ಮೇಲೆ ಕೈಯಿಟ್ಟುಕೊಂಡೇ ಒಳಗೆ ಬಂದಳು. ಪ್ರೀತಿ ಅಂದುಕೊಂಡ ಅವನು. ಪ್ರೀತಿಯೂ ಇತ್ತು.

ಅವನು ಕಿಟಕಿಯ ಪರದೆ ಎಳೆದು, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೇಳಿದ: "ಮೊದಲ ಒಂದು ಬಾವಲಿ ಚಿತ್ರ ಬರ್ತೈತಿ ಅಕ್ಕಾ. ಕಂಡೂ ಕಾಣಧಂಗ ಆಗೋತನಕ ಬಾಣದ ಗುಂಡಿ ಒತ್ತು, ಬೆಳಕು ಹೆಚ್ಚುಕಡಿಮಿ ಆಗ್ತೈತಿ. ಆಮ್ಯಾಲ ದೊಡ್ಡ ಗುಂಡಿ ಒತ್ತಿದ್ರ ಆಟ ಸುರು."

ಇಂಥ ಆಟಗಳಿಗೆಲ್ಲ ಈ ಬಾವಲಿಯಂಥದ್ದೊಂದು ಇರುತ್ತದೆ. ಆಡುವವರ ಕಣ್ಣಿಗೂ ಅವರ ಪರದೆಗೂ ಹೊಂದುವಂತೆ ಮೊದಲೇ ಕತ್ತಲೆಯನ್ನು ಅಳೆದುಕೊಳ್ಳುವ ಏರ್ಪಾಡು ಅದು.

"ನನಗ ಗೊತ್ತಿಲ್ಲೇನೋ," ಅಂದಳು ಲಗಮಕ್ಕ. ಅವಳ ಬೆರಳು ಗುಂಡಿಗಳನ್ನು ತಾವಾಗಿಯೇ ಹುಡುಕಿಕೊಂಡವು.

ಮಲ್ಹಾರಿ ಪರದೆಗೆ ಬೆನ್ನು ಹಾಕಿ ಅವಳ ಎದುರು ಕೂತ. ಮಾಸ್ತರರು ಗೋಡೆಗೆ ಒರಗಿ ನಿಂತರು.

ಗುಂಡಿಗಳ ಟಕಟಕ ಶುರುವಾಯಿತು. ಅಕ್ಕನ ಮುಖದಲ್ಲಿ ನಗು ಬಂತು.

"ಅಬಬಬಾ," ಅಂದಳು. "ಎಂಥಾ ಕತ್ತಲ ಮಾಡೀಯೋ ತಮ್ಮಾ!"

ಮಲ್ಹಾರಿಯ ಎದೆ ಉಬ್ಬಿತು.

"ಹಿಂಗ ಹೊಂಟೀನಿ ನೋಡು. ಆಹಾ, ಎಷ್ಟ್ ಚೆಂದ ಕಂಬ ನಿಲ್ಲಿಸೀಯೋ."

ಕಂಬದ ಸಂಗತಿಯನ್ನು ಅವನೇ ಫೋನಿನಲ್ಲಿ ಹತ್ತು ಸಲ ಹೇಳಿದ್ದ. ಆ ಗಳಿಗೆಯಲ್ಲಿ ಅದು ಅವನ ನೆನಪಿಗೆ ಬರಲಿಲ್ಲ.

ಬಂದದ್ದು ಬೇರೆ. ಪಾತಾಳದಲ್ಲಿ ನಡೆದರೆ ಹೆಜ್ಜೆಯ ಸಪ್ಪಳ ಕೇಳಬೇಕು. ಎಲ್ಲೋ ನೀರು ತೊಟ್ಟಿಕ್ಕಬೇಕು. ಟಕಟಕ ಬಿಟ್ಟರೆ ಅಲ್ಲಿ ಸದ್ದೇ ಇರಲಿಲ್ಲ.

ಅವನು ನಿಯಮ ಮುರಿದು ಹಿಂತಿರುಗಿ ನೋಡಿದ.

ಆಟ ಶುರುವೇ ಆಗಿರಲಿಲ್ಲ, ಅವಳು ಒತ್ತುತ್ತಿದ್ದುದು ಬರೀ ಬಾಣದ ಗುಂಡಿ. ಪರದೆಯ ಮೇಲೆ ಬಾವಲಿ ಇತ್ತು. ಬೆಳಕಿನ ಗುರುತು ತುತ್ತತುದಿಗೆ ಹೋಗಿ ನಿಂತಿತ್ತು. ಬಾವಲಿ ಸುಣ್ಣ ಬಳಿದಷ್ಟು ಬೆಳ್ಳಗೆ ಹೊಳೆಯುತ್ತಿತ್ತು.

"ಅಕ್ಕಾ," ಅಂದ. "ಬಾವಲಿ ಕಾಣ್ತೈತೇನು?"

"ಯಾವ ಬಾವಲಿನೋ? ಅದು ಆಗಲೇ..." ಅವಳ ಬೆರಳು ನಿಂತವು. ಮುಖದ ನಗು ಇಳಿಯಿತು.

"ಯಾವಾಗಿಂದ?"

"ಉಗಾದಿ ಮುಂದ."

"ಯಾಕ ಹೇಳಲಿಲ್ಲ?"

"ಹೇಳಿದ್ರ ಎಲ್ಲಾ ಬಿಟ್ಟು ಓಡಿ ಬರ್ತಿದ್ದಿ." ಅವಳು ಅವನ ದನಿಯ ಕಡೆ ಮುಖ ತಿರುಗಿಸಿದಳು. "ಬರ್ತಿದ್ದಿಲ್ಲೇನು?"

ಆ ಪ್ರಶ್ನೆ ಮಲ್ಹಾರಿಯನ್ನು ಮುಂದೆ ಬಹಳ ವರ್ಷ ತಿಂದಿತು.

ಅವನು ಮಾಸ್ತರರ ಮೇಲೆ ಹರಿಹಾಯ್ದ. "ನಿಮಗ ಗೊತ್ತಿತ್ತೇನ್ರಿ?"

"ಆಕಿ ಹೊಸ್ತಿಲಾ ದಾಟೂವಾಗ ತಿಳೀತು."

"ಮತ್ತ್ಯಾಕ ಸುಮ್ಮನಿದ್ರಿ?"

"ಹೇಳೋದು ಆಕೀಗೆ ಬಿಟ್ಟಿದ್ದು. ನೋಡೋದು ನಿನಗ ಬಿಟ್ಟಿದ್ದು."

ಮಲ್ಹಾರಿ ಸಂಚಿ ತೆಗೆದು ಉಳಿದ ಹತ್ತೊಂಬತ್ತು ಹುಣಸೆಬೀಜವನ್ನೂ ಬಟ್ಟಲಿಗೆ ಸುರಿದ. "ಎಲ್ಲಾ ಹಚ್ಚತೀನ್ರಿ. ಮೂಲಿಮೂಲಿಗೆ ಹಚ್ಚತೀನಿ."

ಮಾಸ್ತರರು ಬಟ್ಟಲನ್ನು ನೆಲಕ್ಕೆ ಬೋರಲು ಹಾಕಿದರು. ಬೀಜಗಳು ಚೆಲ್ಲಾಪಿಲ್ಲಿಯಾದವು.

"ಬಾವಲಿ ಅಷ್ಟು ಬೆಳ್ಳಗ ನಿಂತರೂ ಕಾಣಲಿಲ್ಲ. ಇನ್ನೆಷ್ಟು ಹಚ್ಚತಿ?"

ಮಲ್ಹಾರಿ ನೆಲದ ಮೇಲೆ ಕೂತುಬಿಟ್ಟ. ತೋರಿಸಬೇಕೆಂದಿದ್ದದ್ದು ಮುಗಿದುಹೋಗಿತ್ತು. ಅವನು ದೀಪಗಳನ್ನು ಒಂದೊಂದಾಗಿ ಕೀಳುತ್ತ ಖುಷಿಪಡುತ್ತಿದ್ದಾಗಲೇ ಮುಗಿದುಹೋಗಿತ್ತು.

ಲಗಮಕ್ಕ ಮತ್ತೆ ಗುಂಡಿಗಳ ಮೇಲೆ ಬೆರಳಿಟ್ಟಳು.

"ನಾಲ್ಕು ತಾಸು ಬಸ್ಸಿನ್ಯಾಗ ಕುಂತು ಬಂದೀನಿ. ಹಂಗ ಕಳಸ್ತೀಯೇನು? ಸಣ್ಣವರಿದ್ದಾಗ ನಾ ದಾರಿ ಹೇಳತಿದ್ದೆ. ಈಗ ನೀ ಹೇಳು, ನಾ ಗುಂಡಿ ಒತ್ತತೀನಿ."

ಅವನು ಎದ್ದು ಬಾವಲಿಯನ್ನು ಕಂಡೂ ಕಾಣದಷ್ಟಕ್ಕೆ ಇಳಿಸಿ ಆಟ ಶುರುಮಾಡಿದ. ಅಕ್ಕನ ಪಕ್ಕಕ್ಕೆ ಕೂತ.

"ಕೆಳಗಿಳಿಯೋ ಮೆಟ್ಟಲದಾವು."

"ಎಷ್ಟು?"

ಸಾವಿರ ಸಲ ಇಳಿದಿದ್ದ. ಎಣಿಸಿರಲಿಲ್ಲ. ಅವಳು ಒಂದೊಂದೇ ಇಳಿದಳು. ಹೆಜ್ಜೆಯ ಸಪ್ಪಳ ಕೇಳಿತು. ಹದಿಮೂರಕ್ಕೆ ಮುಗಿದವು.

"ಎಡಕ್ಕ ಹೊಳ್ಳು. ಸೀದಾ ಬಾ."

ಅವಳು ಬಂದಳು. ಒಂದು ಕಡೆ ತಟ್ಟನೆ ನಿಂತಳು.

"ಯಾಕ ನಿಂತಿ?"

"ದನಿ ಬ್ಯಾರೆ ಆತು. ಮುಂದ ನೀರೈತೇನು?"

"ಐತಿ. ಬಲಕ್ಕ ಹಾವಿನ ಕಂಬ ಐತಿ ಅಕ್ಕಾ, ಅದರ ಮ್ಯಾಲ ನಾ ದೀಪ..."

"ಕಂಬ ಇರಲಿ. ಕಾಲು ಎಲ್ಲಿ ಇಡ್ಲಿ?"

ಮಲ್ಹಾರಿ ಬಗ್ಗಿ ನೋಡಿದ. ಅದೇ ಹೊತ್ತಿಗೆ ಮಾಸ್ತರರು ಕಿಟಕಿಯ ಪರದೆಯನ್ನು ಸರಕ್ಕನೆ ಸರಿಸಿದರು. ಮಧ್ಯಾಹ್ನದ ಬೆಳಕು ಕೋಣೆಯೊಳಕ್ಕೆ ಬಂತು. ಪಾತಾಳ ಮಾಯವಾಯಿತು. ಕರ್ರಗಿನ ಗಾಜಿನಲ್ಲಿ ಎರಡು ಮುಖಗಳು ಕಂಡವು, ಅಕ್ಕನದು ಮತ್ತು ಅವನದು. ಮೂಲೆಯಲ್ಲಿ ಹಾವಿನ ಕಂಬದ ದೀಪ ಒಂದು ಚಿಕ್ಕ ಚುಕ್ಕೆಯಾಗಿತ್ತು.

ದಂಡೆ ಎಲ್ಲಿ ಮುಗಿಯುತ್ತದೆ, ನೀರು ಎಲ್ಲಿ ಶುರುವಾಗುತ್ತದೆ, ಅವನಿಗೆ ಕಾಣಲಿಲ್ಲ. ಅಷ್ಟು ದಿನವೂ ಆ ಜಾಗವನ್ನು ಬೆರಳಿನ ರೂಢಿಯಿಂದ ದಾಟಿದ್ದ. ನೋಡಿ ದಾಟಿದ್ದು ಒಂದು ಸಲವೂ ಇಲ್ಲ.

"ನನಗೂ ಕಾಣವಲ್ದಕ್ಕಾ," ಅಂದ.

"ಅಂಜಬ್ಯಾಡ," ಅಂದಳು ಲಗಮಕ್ಕ. ಕೈಚಾಚಿ ಅವನ ಹೆಗಲು ಹುಡುಕಿದಳು. "ನಾನೂ ಇಲ್ಲೇ ನಿಂತೀನಿ."

ಪಾತಾಳದಲ್ಲಿ ನೀರು ತೊಟ್ಟಿಕ್ಕುತ್ತಿತ್ತು.

ಮಾಸ್ತರರು ಕಷ್ಟಪಟ್ಟು ಬಗ್ಗಿ ನೆಲದಿಂದ ಒಂದು ಹುಣಸೆಬೀಜ ಆರಿಸಿದರು. ಅದನ್ನು ಶಿಷ್ಯನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ದೀಪ ಹಚ್ಚೋ ಹೊತ್ತಾತು, ಮಲ್ಹಾರಿ," ಅಂದರು. "ಎಲ್ಲಿ ಇಡಬೇಕಂತ ಅಕ್ಕನ್ನ ಕೇಳು."