ಅರಸನಿಗೆ ಬುಧವಾರ ಬಂದ ಹೊಟ್ಟೆನೋವು

"ಸುತ್ತಮುತ್ತಲ ಯಾವ ಸೀಮೆಯಲ್ಲಿದೆ ಹೇಳಿ ಇಷ್ಟು ದುಬಾರಿಯ ವೈದ್ಯಶಾಲೆ?" ಎಂದು ಕೆಂಚನಗಡದ ಅರಸ ಬಸವಂತನಾಯಕ ಮೀಸೆ ತಿರುವಿದ. ಶಾಲೆಗೆ ಕೆತ್ತನೆಯ ಕಂಬ ನಿಲ್ಲಿಸಿ, ಅಂಗಳದಲ್ಲಿ ನವಿಲು ಬಿಟ್ಟು, ಆ ಖರ್ಚನ್ನೆಲ್ಲ ವೈದ್ಯ ಕಲಿಯಲು ಬಂದ ಹುಡುಗರ ಶುಲ್ಕದ ಮೇಲೆ ಹೇರಿದ್ದ ಪುಣ್ಯಾತ್ಮ.

ಆಸ್ಥಾನದ ಜಾಣ ತಿಪ್ಪರಸ ಎಲ್ಲರ ಜೊತೆ ತಲೆಯಾಡಿಸಿದ. ಮನಸ್ಸು ಮಾತ್ರ ಮನೆಯಲ್ಲಿತ್ತು. ಪ್ರತಿ ಗುರುವಾರ ಅವನಲ್ಲಿ ವಾರಾನ್ನ ಉಣ್ಣುವ ಅಚ್ಯುತ, ವೈದ್ಯಶಾಲೆಯ ಹುಡುಗ, ನಿನ್ನೆ ಉಂಡೆದ್ದು ಹೇಳಿದ್ದ, "ಮುಂದಿನ ವಾರದಿಂದ ನನಗೆ ಎಲೆ ಹಾಕಬೇಡಿ."

"ಯಾಕಯ್ಯ, ನಮ್ಮನೆ ಸಾರು ಸಪ್ಪೆಯೇ?"

"ಸಾರಲ್ಲ ಅಯ್ಯನವರೇ, ಶುಲ್ಕ. ಬೆಳಿಗ್ಗೆ ಕಂಡವರ ಮನೆಗೆ ನೀರು ಸೇದುತ್ತೇನೆ, ಸಂಜೆ ಅಂಗಡಿಯಲ್ಲಿ ಮದ್ದು ಅರೆಯುತ್ತೇನೆ. ಸಾಲುವುದಿಲ್ಲ. ಹೊಟ್ಟೆಗಾದರೆ ದಿನಕ್ಕೊಂದು ಮನೆಯಿದೆ. ಶುಲ್ಕಕ್ಕೆ ವಾರ ಕೊಡುವವರು ಯಾರು? ಊರಿಗೆ ಹೋಗಿ ಎಮ್ಮೆ ಕಾಯುತ್ತೇನೆ."

ತಿಪ್ಪರಸ ಅರಸನ ಮುಂದೆ ಕೈಮುಗಿದ. "ಪ್ರಭು, ಶುಲ್ಕ ಕಟ್ಟಲಾರದೆ ಹುಡುಗರು ಶಾಲೆ ಬಿಡುತ್ತಿದ್ದಾರೆ. ಹಾಗೆಂದು ಶುಲ್ಕ ಇಳಿಸುವುದೇ ಬೇಡ. ವಾರಾನ್ನದ ಹಾಗೆ ವಾರಪಾಠ ಮಾಡೋಣ. ಒಂದು ದಿನದ ದುಡ್ಡಿದ್ದವನು ವಾರಕ್ಕೆ ಒಂದೇ ದಿನ ಬಂದು ಕೂರಲಿ."

"ಭೇಷ್! ಹುಡುಗರೂ ಉಳಿದರು, ನವಿಲೂ ಉಳಿಯಿತು," ಎಂದ ಅರಸ.

ಕೆಲವು ವಾರ ಕಳೆಯಿತು. ಊರಿಗಿದ್ದ ಒಬ್ಬನೇ ವೈದ್ಯ, ಶಾಲೆಯ ಗುರು, ಬೇರುನಾರು ತರಲು ಕಾಡಿಗೆ ಹೋದದ್ದನ್ನು ನೋಡಿಕೊಂಡು ತಿಪ್ಪರಸ ಅರಸನನ್ನು ಊಟಕ್ಕೆ ಕರೆದ. ಹೋಳಿಗೆ, ಮೇಲೆ ತುಪ್ಪ, ಮತ್ತೆ ಹೋಳಿಗೆ. ಬೇಡವೆನ್ನುವ ಅಭ್ಯಾಸ ಅರಸನಿಗಿರಲಿಲ್ಲ. ಎಲೆ ಎತ್ತುವ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಉರುಳಾಡಿದ.

"ವೈದ್ಯಶಾಲೆಯ ಹುಡುಗರನ್ನು ಕರೆಯಿರಿ!"

ಅಚ್ಯುತ ಬಂದ. ಅರಸನ ಹಣೆ ಮುಟ್ಟಿದ, ನಾಲಿಗೆ ನೋಡಿದ, ಕುತ್ತಿಗೆಯ ಹತ್ತಿರ ಕೈ ನಿಲ್ಲಿಸಿದ.

"ಕೆಳಗೆ ಕಣಯ್ಯಾ, ಕೆಳಗೆ," ನರಳಿದ ಅರಸ.

"ಕ್ಷಮಿಸಬೇಕು ಪ್ರಭು. ನಾನು ಓದುವುದು ಸೋಮವಾರ. ಸೋಮವಾರ ತಲೆಯ ಪಾಠ. ತಾವು ನೋವನ್ನು ಸ್ವಲ್ಪ ಮೇಲಕ್ಕೆ ತಂದುಕೊಂಡರೆ ಮದ್ದು ಕೊಡಬಲ್ಲೆ."

"ಹೊಟ್ಟೆ ಓದಿದವನು ಯಾರೂ ಇಲ್ಲವೇ?"

"ಹೊಟ್ಟೆ ಶುಕ್ರವಾರ ಪ್ರಭು. ಅವತ್ತು ಸಂತೆ. ಮೂಟೆ ಹೊತ್ತರೆ ನಾಲ್ಕು ಕಾಸು ಸಿಗುತ್ತದೆ, ಹಾಗಾಗಿ ಎಲ್ಲರೂ ಅಲ್ಲೇ ಇರುತ್ತಾರೆ."

ಅರಸ ತಿಪ್ಪರಸನನ್ನು ದುರುಗುಟ್ಟಿ ನೋಡಿದ. ನೋವಿನ ನಡುವೆಯೂ ನಗು ಬಂತು, ನಕ್ಕದ್ದಕ್ಕೆ ನೋವು ಹೆಚ್ಚಾಯಿತು.

"ಸಾಕಯ್ಯ, ಗೊತ್ತಾಯಿತು. ಇವತ್ತಿನಿಂದ ನವಿಲು ಬರುವ ಮೊದಲಿದ್ದ ಹಳೆಯ ಶುಲ್ಕವೇ. ನವಿಲಿನ ಖರ್ಚು ನನ್ನದು. ಈ ಹುಡುಗ ದಿನವೂ ಓದಲಿ. ಮೊದಲು ಇವನಿಗೆ ಹೊಟ್ಟೆಯ ಪಾಠ ಹೇಳಿಸು."

"ಅಪ್ಪಣೆ ಪ್ರಭು," ಎಂದ ತಿಪ್ಪರಸ. "ಇವತ್ತು ಬುಧವಾರ. ಶುಕ್ರವಾರದ ತನಕ ಸ್ವಲ್ಪ ತಡೆದುಕೊಳ್ಳಿ."