ಪದ್ಮಲೆಯು ಎರಡು ಮಡಿಲು ತುಂಬಿಸಿದ ಕಥೆ

ಬೆಕ್ಕನ್ನೇರಿ ಮನೆಮನೆ ಸುತ್ತಿ ಮಕ್ಕಳನ್ನು ಕಾಯುವ ಷಷ್ಠೀದೇವಿಗೆ ಕೈಮುಗಿದು, ದೀಪದ ಸುತ್ತ ಕೂತ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೇರೆ ಮಾತು ಬಿಟ್ಟು ಕೇಳಿರಿ.

ವರದಾ ನದಿಯ ತಡಿಯಲ್ಲಿ ಘಂಟಾಪುರವೆಂಬ ಪಟ್ಟಣವಿತ್ತು. ಅಲ್ಲಿ ಭೋಗಣ್ಣನೆಂಬ ಕಂಚುಗಾರನೂ ಅವನ ಹೆಂಡತಿ ಪದ್ಮಲೆಯೂ ಬಾಳುತ್ತಿದ್ದರು. ಭೋಗಣ್ಣನು ಎರಕ ಹೊಯ್ದ ಗಂಟೆಯ ನಾದ ಮೂರು ಊರಿಗೆ ಮುಟ್ಟುತ್ತಿತ್ತು. ಆದರೆ ಪದ್ಮಲೆಗೆ ನಾಲ್ಕು ಸಲ ಬಸಿರು ನಿಂತು ನಾಲ್ಕು ಸಲವೂ ಇಳಿದುಹೋಗಲಾಗಿ, ಅವಳು ಮೊದಲೇ ಅಭಿಮಾನದ ಹೆಂಗಸು, ಜನ ಕನಿಕರದಿಂದ ನೋಡುವುದನ್ನು ತಾಳಲಾರದೆ ತೊಟ್ಟಿಲು ಕಟ್ಟಿದ ಮನೆಗಳಿಗೆ ಹೋಗುವುದನ್ನೇ ಬಿಟ್ಟಳು.

ಹೀಗಿರಲು ಆ ಊರಿಗೆ ಒಬ್ಬ ವೈದ್ಯೆ ಬಂದಳು. ಅವಳು ಪದ್ಮಲೆಯ ನಾಡಿ ಹಿಡಿದು ನೋಡಿ, ಬೀಜಕ್ಕೆ ಕೊರತೆಯಿಲ್ಲ, ಹೊರುವ ಬಲ ಗರ್ಭಕ್ಕಿಲ್ಲ ಎಂದು ಹೇಳಿ, ದಂಪತಿಗಳಿಬ್ಬರ ಅಂಶವನ್ನೂ ತೆಗೆದು ಮೂಲಿಕೆಯ ರಸವಿದ್ದ ಕುಡಿಕೆಯಲ್ಲಿ ಐದು ದಿನ ಕಾಪಾಡಿ, ಆಮೇಲೆ ಬೇರೊಬ್ಬ ಹೆಂಗಸಿನ ಗರ್ಭದಲ್ಲಿ ಇರಿಸಬಹುದೆಂದು ತಿಳಿಸಿದಳು. ಇದು ಧರ್ಮವೋ ಅಧರ್ಮವೋ ಎಂದು ಭೋಗಣ್ಣನು ಅಂಜಿ ಕುಲಪುರೋಹಿತರನ್ನು ಕೇಳಲು, ಅವರು ಮೂರು ದಿನ ಯೋಚನೆ ಮಾಡಿ, ಕುಡಿಕೆಯಲ್ಲಾದರೂ ಗರ್ಭದಲ್ಲಾದರೂ ಜೀವ ಇಡುವವಳು ಷಷ್ಠೀದೇವಿಯೇ, ವೈದ್ಯೆಯ ಕೈಯೂ ಅವಳದೇ, ಹುಟ್ಟಿದ ಕೂಸಿನ ಹುಟ್ಟನ್ನು ಮಾತ್ರ ಮುಚ್ಚಿಡಕೂಡದು ಎಂದು ಅಪ್ಪಣೆ ಕೊಟ್ಟರು.

ಆಗ ದೋಣಿ ನಡೆಸುವ ಅಂಬಿಗನ ಹೆಂಡತಿ ಗೋದವ್ವನೆಂಬವಳು, ಮೂರು ಮಕ್ಕಳನ್ನು ಹೆತ್ತು ಗಟ್ಟಿಯಾಗಿದ್ದವಳು, ಗಂಡನನ್ನು ಕೇಳಿ ತಾನಾಗಿ ಮುಂದೆ ಬಂದಳು. ಹಿಂದೆ ಅವಳಿಗೆ ಚೊಚ್ಚಲ ಹೆರಿಗೆಯಲ್ಲಿ ಜೀವ ಹೋಗುವ ಹಾಗಾಗಿದ್ದಾಗ ಒಂದು ತಿಂಗಳು ಗಂಜಿ ಕಾಯಿಸಿ ಕೊಟ್ಟವಳು ಪದ್ಮಲೆ. ವೈದ್ಯೆಯು ಇಬ್ಬರನ್ನೂ ಕೂರಿಸಿಕೊಂಡು ವ್ರತದ ಕಟ್ಟಳೆ ಹೇಳಿದಳು: ಕೂಸು ಹುಟ್ಟಿದ ಆರನೆಯ ದಿನ ಇಬ್ಬರೂ ಒಂದೇ ಮಣೆಯ ಮೇಲೆ ಕೂತು ಷಷ್ಠೀದೇವಿಯನ್ನು ಪೂಜಿಸಬೇಕು, ಎರಡು ಮಡಿಲನ್ನೂ ಅಕ್ಕಿ, ಕಾಯಿ, ಕುಪ್ಪಸದ ಕಣ, ಅರಿಸಿನದ ಕೊಂಬಿನಿಂದ ತುಂಬಿಸಬೇಕು, ಬೇಡಿದವರು ಯಾರು, ಹೊತ್ತವಳು ಯಾರು ಎಂಬುದನ್ನು ಕೂಡಿದವರೆದುರು ಹೇಳಬೇಕು. ಪದ್ಮಲೆಯು ಕೈಯಲ್ಲಿ ನೀರು ಹಿಡಿದು ಒಪ್ಪಿದಳು. ವೈದ್ಯೆಯು ಹೇಳಿದಂತೆಯೇ ಮಾಡಲು ಗೋದವ್ವನಿಗೆ ಬಸಿರು ನಿಂತಿತು.

ಒಪ್ಪಿದ ಪದ್ಮಲೆಯು ತಿಂಗಳು ಕಳೆದಂತೆ ಹೆದರಿದಳು. ಅಂಬಿಗಿತ್ತಿ ಹೊತ್ತ ಕೂಸೆಂದು ಗೊತ್ತಾದರೆ ದಾಯಾದಿಗಳು ಏನೆನ್ನುವರೋ, ಗೋದವ್ವನೇ ನಾಳೆ ಕೂಸು ನನ್ನದೆಂದರೆ ಏನು ಗತಿಯೋ ಎಂದು ಚಿಂತಿಸಿ, ಹೊಟ್ಟೆಗೆ ಸೀರೆಯ ಮಡಿಕೆ ಸುತ್ತಿಕೊಂಡು ಬಸುರಿಯಂತೆ ಓಡಾಡಿದಳು. ಗೋದವ್ವನನ್ನು ಆಚೆ ದಡದಲ್ಲೇ ಇರಿಸಿದಳು. ದಿನ ತುಂಬಿ ಹೆಣ್ಣು ಕೂಸು ಹುಟ್ಟಲು, ಅದನ್ನು ಬಟ್ಟೆಯಲ್ಲಿ ಸುತ್ತಿ ತರಿಸಿಕೊಂಡು, ಆರನೆಯ ದಿನ ಮಣೆಯ ಮೇಲೆ ತಾನೊಬ್ಬಳೇ ಕೂತು, ತನ್ನ ಮಡಿಲೊಂದನ್ನೇ ತುಂಬಿಸಿಕೊಂಡು, ಹೆತ್ತವಳು ನಾನೇ ಎಂದು ನುಡಿದಳು.

ಏಳನೆಯ ದಿನದಿಂದ ಕೂಸು ಹಾಲಿಗೆ ಮುಖ ತಿರುಗಿಸಿತು. ಹಸುವಿನ ಹಾಲು ಕೊಟ್ಟರೆ ಕಕ್ಕಿತು, ಆಡಿನ ಹಾಲು ಕೊಟ್ಟರೆ ತುಟಿಯನ್ನೇ ತೆರೆಯಲಿಲ್ಲ. ಭೋಗಣ್ಣನು ಎರಕ ಹೊಯ್ದ ಗಂಟೆಗಳೆಲ್ಲ ಅಚ್ಚಿನಲ್ಲೇ ಸೀಳಿದವು. ಹತ್ತನೆಯ ದಿನಕ್ಕೆ ಕೂಸಿಗೆ ಅಳುವ ಶಕ್ತಿಯೂ ಉಡುಗಲಾಗಿ, ಪದ್ಮಲೆಯು ಅದನ್ನು ಎತ್ತಿಕೊಂಡು ವೈದ್ಯೆಯನ್ನು ಹುಡುಕುತ್ತ ನಡುಹಗಲಿನಲ್ಲಿ ಹೊಳೆಯ ಕಡೆಗೆ ಓಡಿದಳು.

ಅಲ್ಲಿ ಸೋಪಾನದ ಮೇಲೆ ಒಬ್ಬ ಮುದುಕಿ, ಮಗ್ಗುಲಲ್ಲಿ ಬೆಕ್ಕನ್ನು ಮಲಗಿಸಿಕೊಂಡು ಕೂತಿದ್ದಳು. ಅವಳು ಪದ್ಮಲೆಯನ್ನು ತಡೆದು, ಯಾರ ಕೂಸೆಂದು ಕೇಳಲು ಪದ್ಮಲೆಯು ನನ್ನದೆಂದಳು. ಹೊತ್ತವಳು ಯಾರೆಂದು ಕೇಳಲು ನಾನೇ ಎಂದಳು. ಮುದುಕಿಯು ಸಿಟ್ಟಾಗದೆ, ಕೂಸಿನ ಒಣಗಿದ ತುಟಿಯನ್ನು ಬೆರಳಿನಿಂದ ಸವರಿ ಮತ್ತೆ ಕೇಳಿದಳು.

"ನನ್ನ ಹತ್ತಿರ ಏನಾದರೂ ಹೇಳು ಮಗಳೇ. ಒಂಬತ್ತು ತಿಂಗಳು ಇದು ಯಾರ ಎದೆಬಡಿತ ಕೇಳಿಕೊಂಡು ಬೆಳೆಯಿತೋ, ಅದನ್ನು ಇದರ ಹತ್ತಿರ ಸುಳ್ಳು ಮಾಡುತ್ತೀಯಾ?"

ಪದ್ಮಲೆಯು ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತು, ಗೋದವ್ವನ ಹೆಸರು ಹೇಳಿದಳು. ಕಣ್ಣೊರೆಸಿಕೊಂಡು ನೋಡಲು ಮುದುಕಿಯೂ ಇಲ್ಲ, ಬೆಕ್ಕೂ ಇಲ್ಲ, ದಡಕ್ಕೆ ಹತ್ತಿದ ದೋಣಿಯೊಂದೇ ಇತ್ತು.

ದೋಣಿಯೇರಿ ದಾಟಿ ಹೋಗಲು, ಆಚೆ ದಡದ ಗುಡಿಸಲಲ್ಲಿ ಗೋದವ್ವನು ಹಾಲು ತುಂಬಿ ಎದೆ ಕಟ್ಟಿ, ಜ್ವರ ಬಂದು, ಗೋಡೆಯ ಕಡೆಗೆ ತಿರುಗಿ ಮಲಗಿದ್ದಳು. ಪದ್ಮಲೆಯು ಕೂಸನ್ನು ಅವಳ ಪಕ್ಕದಲ್ಲಿಟ್ಟಳು. ಕೂಸು ತಾನಾಗಿ ಮೊಲೆ ಹುಡುಕಿ ಹಿಡಿದು ಹಾಲನ್ನು ಗುಟುಕು ಗುಟುಕಾಗಿ ನುಂಗಿತು. ಅದರ ಗಂಟಲಿನ ಸದ್ದು ಕೇಳುತ್ತ ಪದ್ಮಲೆಯು ಗೋದವ್ವನ ಕಾಲು ಒತ್ತುತ್ತ ಕೂತಳು. ಸಂಜೆಯ ಹೊತ್ತಿಗೆ ಗೋದವ್ವನ ಜ್ವರ ಬಿಟ್ಟಿತು.

ಮುಂದಿನ ಶುದ್ಧ ಷಷ್ಠಿಯ ದಿನ ಪದ್ಮಲೆಯು ಊರವರನ್ನೆಲ್ಲ ಕರೆಸಿ, ಒಂದೇ ಮಣೆಯ ಮೇಲೆ ಗೋದವ್ವನನ್ನು ಬಲಕ್ಕೆ ಕೂರಿಸಿಕೊಂಡು, ಸೀರೆಯ ಮಡಿಕೆ ಕಟ್ಟಿಕೊಂಡದ್ದನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಭೋಗಣ್ಣನ ದಾಯಾದಿಗಳು ಎದ್ದು ನಿಂತು, ಅಂಬಿಗಿತ್ತಿಯ ಹೊಟ್ಟೆಯಲ್ಲಿ ಹುಟ್ಟಿದ್ದು ಕಂಚುಗಾರರ ಕುಲಕ್ಕೆ ಹೇಗಾದೀತು, ಇದಕ್ಕೆ ಮನೆತನದ ಹೆಸರಿಡಕೂಡದು ಎಂದು ತಕರಾರು ತೆಗೆದರು. ಊರ ಧರ್ಮಾಧಿಕಾರಿಯು ಅವರನ್ನು ಕೂರಿಸಿ, ಕೂಸಿನ ಮೇಲೆ ನಿನಗೆ ಹಕ್ಕಿನ ಮಾತುಂಟೋ ಎಂದು ಗೋದವ್ವನನ್ನು ಕೇಳಿದನು. ಪದ್ಮಲೆಯು ಗೋದವ್ವನ ಕಡೆಗೆ ತಿರುಗಿದಳು.

"ನಾ ಹೊತ್ತಿದ್ದು ಅಕ್ಕನ ಕೂಸು ಅಂತ ತಿಳಿದೇ ಹೊತ್ತೆ, ಬುದ್ಧಿ. ಅದು ನನಗೆ ಬೇಡ, ನನ್ನವು ಮೂರದಾವೆ. ನಾ ಹೊರಲೇ ಇಲ್ಲ ಅನ್ನಬ್ಯಾಡ್ರಿ, ಅಷ್ಟೇ," ಎಂದಳು ಗೋದವ್ವ.

ಧರ್ಮಾಧಿಕಾರಿಯು ತೀರ್ಪು ನುಡಿದನು: ಬೀಜವೂ ಇವರದು, ಬೇಡಿದವರೂ ಇವರು, ಆದಕಾರಣ ಕೂಸು ಭೋಗಣ್ಣ ಪದ್ಮಲೆಯರ ಕುಲದ್ದು, ಮನೆಯೂ ಹೆಸರೂ ಇದಕ್ಕೆ ಸಲ್ಲತಕ್ಕದ್ದು, ಹೊತ್ತವಳು ಗೋದವ್ವ, ಆದಕಾರಣ ಮದುವೆಯ ಹಸೆಯಲ್ಲಿ ಈ ಮಗಳು ಇಬ್ಬರ ಕಾಲಿಗೂ ಬೀಳತಕ್ಕದ್ದು, ಗೋದವ್ವನು ತೀರಿಕೊಂಡ ದಿನ ತಾಯಿಯ ಸೂತಕ ಹಿಡಿಯತಕ್ಕದ್ದು. ದಾಯಾದಿಗಳು ಮುಖ ಮುಖ ನೋಡಿಕೊಂಡು ತಾಂಬೂಲ ತೆಗೆದುಕೊಂಡರು.

ಆಗ ಮುತ್ತೈದೆಯರು ಬಂದು ಎರಡು ಮಡಿಲನ್ನೂ ತುಂಬಿಸಿದರು. ಕೂಸಿಗೆ ವರದಾಂಬೆ ಎಂದು ಹೆಸರಾಯಿತು. ಎಷ್ಟೋ ತಿಂಗಳಿಂದ ಯಾರು ಬಾಗಿಲು ತಟ್ಟಿದರೂ ಬೆಚ್ಚುತ್ತಿದ್ದ ಪದ್ಮಲೆಯು, ಎದೆಯ ಭಾರ ಇಳಿದಂತಾಗಿ, ಜನ ಊಟಕ್ಕೆ ಏಳುವುದರೊಳಗೆ ಮಡಿಲ ತುಂಬ ಅಕ್ಕಿ ಕಾಯಿ ಇಟ್ಟುಕೊಂಡೇ ಕಂಬಕ್ಕೊರಗಿ ನಿದ್ದೆ ಹೋದಳು. ಭೋಗಣ್ಣನು ಅವಳನ್ನು ಎಬ್ಬಿಸಗೊಡಲಿಲ್ಲ. ಅಂದಿನಿಂದ ಅವನ ಎರಕ ಕೈಕೊಡಲಿಲ್ಲ, ಗೋದವ್ವನ ಮನೆಯಲ್ಲಿ ಅನ್ನಕ್ಕೆ ಕೊರತೆಯಾಗಲಿಲ್ಲ, ವರದಾಂಬೆಯು ಎರಡು ದಡದಲ್ಲೂ ಉಂಡು ಬೆಳೆದಳು.

ಈ ವ್ರತವನ್ನು ಮಾಡಿದವರಿಗೂ, ಮಾಡಲಾಗದೆ ಕಥೆ ಕೇಳಿದವರಿಗೂ, ಓದಿ ಹೇಳಿದವರಿಗೂ ಪದ್ಮಲೆಗಾದ ಫಲವೇ ಆಗುವುದು. ಹೆತ್ತವರಿಗೆ, ಹೊತ್ತವರಿಗೆ, ದತ್ತು ತಂದು ಸಾಕಿದವರಿಗೆ, ಇನ್ನೂ ಕಾಯುತ್ತ ಕೂತವರಿಗೆ ಷಷ್ಠೀದೇವಿಯು ಮುಚ್ಚಿಡಬೇಕಾದದ್ದೇನೂ ಇಲ್ಲದ ಮನೆಯನ್ನು ಕೊಟ್ಟು, ನಿಶ್ಚಿಂತೆಯ ನಿದ್ದೆಯನ್ನು ಕೊಟ್ಟು ಕಾಪಾಡಲಿ.